ಎಂಜಲಿನಿಂದ ಬಂದ ವಂಶಾವಳಿ: ಒಂದು ಸಿದ್ದಿ ಕುಟುಂಬದ ಪ್ರಕರಣ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಒಂದು ಸಿದ್ದಿ ಕೇರಿಯಲ್ಲಿ, ಒಬ್ಬ ಯುವಕ ಮಾಡಿಸಿಕೊಂಡ ಡಿಎನ್‌ಎ ಪರೀಕ್ಷೆಯಿಂದ ಹುಟ್ಟಿದ ತೊಡಕನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆ ಯುವಕ ನನ್ನ ಹಳೆಯ ವಿದ್ಯಾರ್ಥಿ. ನಾನು ಪದವಿ ತರಗತಿಗಳಿಗೆ ಪ್ರಾಣಿಶಾಸ್ತ್ರ ಹೇಳುತ್ತಿದ್ದವನು. ಆನುವಂಶಿಕತೆಯ ಪಾಠವನ್ನು ಹಲವು ವರ್ಷ ಬಟಾಣಿ ಗಿಡದಿಂದ ಆರಂಭಿಸಿ ಬಟಾಣಿ ಗಿಡದಲ್ಲಿಯೇ ಮುಗಿಸಿದವನು. ಕೇರಿಯ ಹೆಸರನ್ನು ಹೇಳುವುದಿಲ್ಲ. ಕುಟುಂಬವನ್ನು ಗುರುತಿಸಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಿಷಯವನ್ನು ಬರೆಯಬಹುದೇ ಎಂದು ಯುವಕನನ್ನು ಮಾತ್ರವಲ್ಲದೆ ಅವನ ಅಜ್ಜಿಯನ್ನೂ ದೊಡ್ಡಪ್ಪನನ್ನೂ ಕೇಳಿ ಒಪ್ಪಿಗೆ ಪಡೆದಿದ್ದೇನೆ. ಮೂವರನ್ನೂ ಕೇಳಬೇಕಾಯಿತೇಕೆ ಎಂಬುದೇ ಈ ಪ್ರಕರಣದ ಮುಖ್ಯ ಭಾಗ.

ಹಿನ್ನೆಲೆ

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಶಿರಸಿ, ಅಂಕೋಲಾ, ಜೋಯಿಡಾ ತಾಲ್ಲೂಕುಗಳ ಕಾಡಂಚಿನಲ್ಲಿ ವಾಸಿಸುವ ಸಿದ್ದಿಗಳು ಆಫ್ರಿಕದಿಂದ ಬಂದವರ ಸಂತತಿ ಎಂಬುದು ಕನ್ನಡ ಓದುಗರಿಗೆ ಹೊಸ ಸಂಗತಿಯಲ್ಲ. ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಇದ್ದಾರೆ; ಮನೆಯಲ್ಲಿ ಹೆಚ್ಚಾಗಿ ಕೊಂಕಣಿಯ ಒಂದು ಬಗೆಯನ್ನು ಆಡುತ್ತಾರೆ; ಹೊರಗೆ ಕನ್ನಡ, ಕೆಲವೆಡೆ ಮರಾಠಿ ಅಥವಾ ಉರ್ದು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಆಫ್ರಿಕದ ಪೂರ್ವ ಕರಾವಳಿಯಿಂದ ಗುಲಾಮರನ್ನು ಹಡಗುಗಳಲ್ಲಿ ತಂದರು, ಅವರಲ್ಲಿ ತಪ್ಪಿಸಿಕೊಂಡವರು ಘಟ್ಟದ ಕಾಡನ್ನು ಸೇರಿದರು ಎಂಬುದು ಹೆಚ್ಚು ಪ್ರಚಲಿತವಾದ ಕಥನ. ಅದೊಂದೇ ದಾರಿಯಲ್ಲ. ದಖ್ಖನಿನ ಸುಲ್ತಾನರ ಸೈನ್ಯಗಳಲ್ಲಿ ಆಫ್ರಿಕದವರು ದೊಡ್ಡ ಹುದ್ದೆಗಳಿಗೇರಿದ್ದರು. 1626ರಲ್ಲಿ ತೀರಿಕೊಂಡ ಅಹಮದನಗರದ ಮಲಿಕ್ ಅಂಬರ್ ಅವರಲ್ಲಿ ಎಲ್ಲರಿಗಿಂತ ಹೆಸರಾದವನು. ಅಂಥವರನ್ನು ಹಬಶಿಗಳೆಂದು ಕರೆಯುತ್ತಿದ್ದರು. ಆ ಪದ ಅಬಿಸೀನಿಯವನ್ನು, ಅಂದರೆ ಇಂದಿನ ಇಥಿಯೋಪಿಯದ ಸೀಮೆಯನ್ನು, ಸೂಚಿಸುತ್ತದೆ.

ಜೀನುಗಳು ಹೇಳಿದ್ದು ಸ್ವಲ್ಪ ಬೇರೆ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವಶಾಸ್ತ್ರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮುಖ್ಯ ಪಾತ್ರ ವಹಿಸಿದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಲಕ್ಷಾಂತರ ಡಿಎನ್‌ಎ ಗುರುತುಗಳನ್ನು ಪರಿಶೀಲಿಸಿತು. ಅವರ ಪೂರ್ವಜರಲ್ಲಿ ಆಫ್ರಿಕದವರೂ ಭಾರತದವರೂ ಇದ್ದಾರೆ, ಯುರೋಪಿನವರೂ ಇದ್ದಿರಬಹುದು. ಆಫ್ರಿಕದ ಪಾಲು ಇಥಿಯೋಪಿಯದ ಕಡೆಗಲ್ಲ, ಮಧ್ಯ, ಪೂರ್ವ ಮತ್ತು ದಕ್ಷಿಣ ಆಫ್ರಿಕದಲ್ಲಿ ಬಾಂಟು ಭಾಷೆಗಳನ್ನಾಡುವ ಜನರ ಕಡೆಗೆ ಬೊಟ್ಟು ಮಾಡುತ್ತದೆ. ನೆರೆಯ ಭಾರತೀಯ ಸಮುದಾಯಗಳೊಡನೆ ಬೆರೆತದ್ದು ಸುಮಾರು ಎಂಟು ತಲೆಮಾರುಗಳಿಂದ ಈಚೆಗೆ, ಅಂದರೆ ಹೆಚ್ಚುಕಡಿಮೆ 200 ವರ್ಷಗಳ ಹಿಂದೆ ಎಂಬುದು ಅದರ ತಿರುಳು. ಬೆರೆತದ್ದು ಒಮ್ಮುಖವಾಗಿ ಎಂಬುದನ್ನೂ ಅದು ಗಮನಿಸಿತು. ಸುತ್ತಲಿನ ಜನರ ಜೀನುಗಳು ಸಿದ್ದಿಗಳೊಳಗೆ ಬಂದಿವೆ. ಸಿದ್ದಿಗಳ ಜೀನುಗಳು ಸುತ್ತಲಿನವರೊಳಗೆ ಹೋದ ಗುರುತು ಸಿಗಲಿಲ್ಲ. ಇದಕ್ಕೆ ವಿಜ್ಞಾನದ ವಿವರಣೆ ಬೇಕಿಲ್ಲ. ಸಿದ್ದಿ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದ ಕೂಸು, ತಂದೆ ಯಾರೇ ಇರಲಿ, ಸಿದ್ದಿ ಕೇರಿಯಲ್ಲಿಯೇ ಬೆಳೆಯುತ್ತಿತ್ತು.

ಈ ಕೊನೆಯ ವಾಕ್ಯವನ್ನು ನಾನು ಈಗ ಸುಲಭವಾಗಿ ಬರೆದೆ. ಆಗ ನನಗೆ ಇದು ಹೊಳೆದಿರಲಿಲ್ಲ.

ತೊಡಕು

ಯುವಕ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. ಅವನನ್ನು ಯಾವ ದೇಶದವನೆಂದು ಕೇಳುವವರು, ಇಂಗ್ಲಿಷಿನಲ್ಲಿ ಬಾಡಿಗೆ ಹೆಚ್ಚು ಹೇಳುವ ಆಟೋದವರು, ಕನ್ನಡ ಮಾತಾಡಿದರೆ ಬೆಚ್ಚಿಬೀಳುವ ಅಂಗಡಿಯವರು ಇವರೆಲ್ಲರ ನಡುವೆ ಇದ್ದು ಇದ್ದು, ತಾನು ನಿಜವಾಗಿ ಎಲ್ಲಿಯವನೆಂದು ತಿಳಿಯುವ ಆಸೆ ಅವನಿಗೆ ಹುಟ್ಟಿತ್ತು. ಸಹೋದ್ಯೋಗಿಯೊಬ್ಬರ ಮೂಲಕ ಖಾಸಗಿ ಕಂಪನಿಯೊಂದರ ಕಿಟ್ ತರಿಸಿಕೊಂಡು, ಕೊಳವೆಯಲ್ಲಿ ಉಗುಳಿ ಕಳುಹಿಸಿದ. ಕೆಲವು ವಾರಗಳ ಮೇಲೆ ವರದಿ ಬಂತು: ಆಫ್ರಿಕ 66%, ದಕ್ಷಿಣ ಏಷ್ಯ 31%, ಐಬೀರಿಯ (ಅಂದರೆ ಸ್ಪೇನ್, ಪೋರ್ಚುಗಲ್‌ಗಳ ಸೀಮೆ) 3%. ಅದರ ಕೆಳಗೆ ಇನ್ನೆರಡು ಸಾಲುಗಳಿದ್ದವು. ತಾಯಿಯಿಂದ ತಾಯಿಗೆ ಹರಿದುಬರುವ ಮೈಟೊಕಾಂಡ್ರಿಯದ ಡಿಎನ್‌ಎ ಆಫ್ರಿಕದ್ದು. ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತು ಎಚ್ ಎಂಬ ಗುಂಪಿನದು, ಅಂದರೆ ದಕ್ಷಿಣ ಭಾರತದಲ್ಲಿ ಬಹು ಸಾಮಾನ್ಯವಾದದ್ದು.

ಅವನು ಅದನ್ನು ಹೆಮ್ಮೆಯಿಂದಲೇ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ. ಎರಡು ದಿನಗಳಲ್ಲಿ ಅದು ಕೇರಿಯನ್ನು ದಾಟಿ ಇನ್ನೂ ಮೂರು ಕೇರಿಗಳಿಗೆ ಹೋಯಿತು.

ಮೊದಲು ಎದ್ದದ್ದು ಜಾತಿ ಪ್ರಮಾಣಪತ್ರದ ಭಯ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಅದಕ್ಕಾಗಿ ಹಿರಿಯರು ಎಷ್ಟು ಬಾರಿ ಕಚೇರಿಗಳ ಮೆಟ್ಟಿಲು ಹತ್ತಿದ್ದರೆಂಬುದು ಕೇರಿಯ ಎಲ್ಲರಿಗೂ ಗೊತ್ತು. ಯುವಕನ ಅಕ್ಕನ ಮಗಳ ಕಾಲೇಜು ಪ್ರವೇಶಕ್ಕೆ ಬೇಕಾದ ಸಿಂಧುತ್ವ ಪರಿಶೀಲನೆ ಆಗ ನಡೆಯುತ್ತಿತ್ತು. 31% ಬೇರೆಯವರು ಎಂದು ಬರೆದಿರುವ ಕಾಗದ ಯಾರಾದರೂ ಅಧಿಕಾರಿಯ ಕೈಗೆ ಸಿಕ್ಕರೆ ಹುಡುಗಿಯ ಸೀಟು ಹೋಗುತ್ತದೆಯೇ ಎಂಬುದು ಅವಳ ತಾಯಿಯ ಪ್ರಶ್ನೆ. ಎರಡನೆಯದು ಹೋಲಿಕೆಯ ಚಟ. ಪಕ್ಕದ ಕೇರಿಯ ಬೇರೆ ಧರ್ಮದ ಸಿದ್ದಿ ಮನೆಗಳವರು, ನಾವು ಪರೀಕ್ಷೆ ಮಾಡಿಸಿದರೆ 80 ಬರುತ್ತದೆ ಎಂದು ತಮಾಷೆಗೆ ಆಡಿದ್ದು ಮದುವೆ ಮಾತುಕತೆಯೊಂದರಲ್ಲಿ ತಮಾಷೆಯಾಗಿ ಉಳಿಯಲಿಲ್ಲ.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಯುವಕನ ದೊಡ್ಡಪ್ಪ ಆ ಮನೆತನದ ಹಿರಿಯರ ಪೂಜೆ ನಡೆಸುವವರು. ತೀರಿಹೋದ ಹಿರಿಯರು ಮನೆಯಲ್ಲಿಯೇ ಇದ್ದು ಕಾಯುತ್ತಾರೆಂಬ ನಂಬಿಕೆ ಸಿದ್ದಿಗಳಲ್ಲಿ ಗಟ್ಟಿಯಾದದ್ದು. ಆ ವರದಿಯ ಕೊನೆಯ ಸಾಲಿನ ಅರ್ಥವನ್ನು, ಅಂದರೆ ತಂದೆಯ ಗೆರೆಯ ಹಿರಿಯ ಆಫ್ರಿಕದವನಲ್ಲ ಎಂಬುದನ್ನು, ಯಾರೋ ಬಿಡಿಸಿ ಹೇಳಿದ ಮೇಲೆ ಅವರು ಯುವಕನೊಡನೆ ಮಾತು ಬಿಟ್ಟರು.

ಮೊದಲ ಪ್ರಯತ್ನ: ಶಾಲೆಯ ಜಗಲಿಯ ಭಾಷಣ

ಯುವಕ ನನ್ನನ್ನು ಕರೆದದ್ದು ಆಗ. "ಸರ್, ನೀವು ಬಂದು ತಿಳಿಸಿ ಹೇಳಿದರೆ ಎಲ್ಲ ಸರಿಹೋಗುತ್ತದೆ" ಎಂದ. ನನಗೂ ಹಾಗೆಯೇ ಅನಿಸಿತ್ತು. ತಿಳಿವಳಿಕೆಯ ಕೊರತೆಯಿಂದ ಹುಟ್ಟಿದ ಸಮಸ್ಯೆ ತಿಳಿವಳಿಕೆಯಿಂದ ಹೋಗುತ್ತದೆ ಎಂಬ ಮೇಷ್ಟರುಗಳ ಹಳೆಯ ನಂಬಿಕೆ ಅದು. ಒಂದು ಭಾನುವಾರ ಶಾಲೆಯ ಜಗಲಿಯಲ್ಲಿ ಸುಮಾರು ಮೂವತ್ತು ಜನರ ಮುಂದೆ ಚಾರ್ಟು ತೂಗುಹಾಕಿ ಮಾತಾಡಿದೆ.

ಮೊದಲ ಹತ್ತು ನಿಮಿಷಗಳಲ್ಲಿಯೇ ಕೆಟ್ಟಿತು. ಜನಾಂಗಗಳು ಕೂಡಿಕೊಳ್ಳುವುದನ್ನು ಹೇಳಲು ನನ್ನ ಬಾಯಿಗೆ ಬಂದ ಪದ 'ಬೆರಕೆ'. ಕನ್ನಡದಲ್ಲಿ ಬೆರಕೆ ಸೊಪ್ಪು ಎಂದರೆ ಬಾಯಲ್ಲಿ ನೀರೂರುತ್ತದೆ. ಅದೇ ಪದವನ್ನು ಮನುಷ್ಯರಿಗೆ ಅಂಟಿಸಿದರೆ ಬೈಗುಳ. ಹಿಂದಿನ ಸಾಲಿನಲ್ಲಿದ್ದ ಇಬ್ಬರು ಗಂಡಸರು ಎದ್ದುಹೋದರು. ಮಿಶ್ರಣ ಎಂದು ತಿದ್ದಿಕೊಂಡೆ. ಅದು ಔಷಧದಂಗಡಿಯ ಪದದಂತೆ ಕೇಳಿಸಿತು. ಈ ಒಂದು ವಿಷಯಕ್ಕೆ ನಮ್ಮ ಭಾಷೆಯಲ್ಲಿ ಅವಮಾನವಿಲ್ಲದ ಸಲೀಸಾದ ಪದವಿಲ್ಲವೆಂಬುದು ನನಗೆ ಅಲ್ಲಿ ನಿಂತಾಗಲೇ ತಿಳಿದದ್ದು. ಈಗ ನಾನು 'ಕೂಡಿದ ಬಳಿ' ಎನ್ನುತ್ತೇನೆ, ಬಳಿ ಎಂಬುದು ಈ ಸೀಮೆಯಲ್ಲಿ ವಂಶಕ್ಕೆ ಬಳಕೆಯಲ್ಲಿರುವ ಮಾತಾದ್ದರಿಂದ. ಪೂರ್ತಿ ಸಮಾಧಾನ ನನಗೂ ಇಲ್ಲ.

ಭಾಷಣ ಮುಗಿದ ಮೇಲೆ ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ: "66 ಬಂದರೆ ಪಾಸೋ ಫೇಲೋ, ಸರ್?" ಎಲ್ಲರೂ ನಕ್ಕರು. ನಾನು ಒಂದು ಗಂಟೆ ಮಾತಾಡಿದರೂ ಅವರ ಕಿವಿಗೆ ಬಿದ್ದದ್ದು ಅಂಕಪಟ್ಟಿ ಮಾತ್ರ ಎಂಬುದನ್ನು ಆ ಹುಡುಗ ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿದ್ದ. ಶೇಕಡಾವಾರು ಲೆಕ್ಕವನ್ನು ಜನ ಶಾಲೆಯಲ್ಲಿ ಕಲಿತಿರುತ್ತಾರೆ. ಅಲ್ಲಿ ಶೇಕಡಾ ಎಂದರೆ ಯೋಗ್ಯತೆಯ ಅಳತೆ.

ಇದರ ಬೆನ್ನಿಗೇ ಇನ್ನೊಂದು ಹಾನಿಯಾಯಿತು, ಅದು ನಮ್ಮ ಗಮನಕ್ಕೆ ಬಂದದ್ದು ತಡವಾಗಿ. ತಂದೆತಾಯಿಯರಿಂದ ಮಕ್ಕಳಿಗೆ ಬರುವ ಸಿಕಲ್ ಸೆಲ್ ಎಂಬ ರಕ್ತದ ರೋಗಕ್ಕಾಗಿ ಬುಡಕಟ್ಟು ಜನರಲ್ಲಿ ನಡೆಯುವ ತಪಾಸಣೆಯ ಶಿಬಿರ ಅದೇ ತಿಂಗಳು ಕೇರಿಯ ಹತ್ತಿರ ನಡೆಯಿತು. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಆರಂಭಿಸಿದ ಕಾರ್ಯಕ್ರಮ ಅದು. 2047ರೊಳಗೆ ಈ ರೋಗವನ್ನು ನಿರ್ಮೂಲ ಮಾಡುವುದು, 40 ವರ್ಷದೊಳಗಿನ ಏಳು ಕೋಟಿ ಜನರನ್ನು ಪರೀಕ್ಷಿಸುವುದು ಗುರಿ. ನಮ್ಮ ಕೇರಿಯಿಂದ ಬಂದವರು ಬೆರಳೆಣಿಕೆಯಷ್ಟು ಜನ. ರಕ್ತ ಕೊಟ್ಟರೆ ಯಾರ ಮಕ್ಕಳೆಂದು ಬರೆದುಕೊಂಡು ಹೋಗುತ್ತಾರೆ ಎಂಬ ಮಾತು ಹಬ್ಬಿತ್ತು. ಕುತೂಹಲಕ್ಕೆ ಮಾಡಿಸಿದ ಪರೀಕ್ಷೆಯೊಂದು ಆರೋಗ್ಯಕ್ಕೆ ಬೇಕಾದ ಪರೀಕ್ಷೆಯ ದಾರಿಗೆ ಅಡ್ಡಬಂದಿತ್ತು, ಮತ್ತು ಎರಡೂ ಒಂದೇ ವಿಜ್ಞಾನ ಎಂಬಂತೆ ಭಾಷಣ ಮಾಡಿದವನು ನಾನೇ.

ಎರಡನೆಯ ಪ್ರಯತ್ನ: ಭಯಗಳನ್ನು ಬಿಡಿಬಿಡಿಯಾಗಿ ತೆಗೆದುಕೊಂಡದ್ದು

ಆಶಾ ಕಾರ್ಯಕರ್ತೆಯೊಬ್ಬರು, ಅವರೂ ಅದೇ ಸಮುದಾಯದವರು, ನನಗೆ ನೇರವಾಗಿ ಹೇಳಿದರು: "ಎಲ್ಲವನ್ನೂ ಒಂದೇ ದಿನ, ಎಲ್ಲರನ್ನೂ ಕೂರಿಸಿಕೊಂಡು ಹೇಳಬೇಡಿ, ಸರ್. ಒಬ್ಬೊಬ್ಬರ ಹೆದರಿಕೆ ಒಂದೊಂದು." ಅಲ್ಲಿಂದ ಕೆಲಸದ ದಿಕ್ಕು ಬದಲಾಯಿತು.

ಪ್ರಮಾಣಪತ್ರದ ಭಯಕ್ಕೆ ಜೀವಶಾಸ್ತ್ರದಲ್ಲಿ ಉತ್ತರವಿಲ್ಲ, ಕಾನೂನಿನಲ್ಲಿದೆ. ಪರಿಚಯದ ವಕೀಲರೊಬ್ಬರನ್ನು ಕರೆದುಕೊಂಡು ಹೋದೆ. ಪಟ್ಟಿಯಲ್ಲಿ ಇರುವುದು ಸಮುದಾಯದ ಹೆಸರು ಮತ್ತು ಜಿಲ್ಲೆ. ಪರಿಶೀಲನೆ ನಡೆಯುವುದು ಶಾಲಾ ದಾಖಲೆ, ಕಂದಾಯ ದಾಖಲೆ, ಹಿರಿಯರ ಕಾಗದಪತ್ರ ಮತ್ತು ವಿಚಾರಣೆಯ ಮೇಲೆ. ಯಾವ ಹಂತದಲ್ಲಿಯೂ ಡಿಎನ್‌ಎ ಕೇಳುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಬುಡಕಟ್ಟಿನ ಆಚಾರ ಗುಣಲಕ್ಷಣಗಳು ಹೊಂದುತ್ತವೆಯೇ ಎಂದು ನೋಡುವ ಪರೀಕ್ಷೆಯನ್ನೇ ಅಂತಿಮ ಒರೆಗಲ್ಲು ಮಾಡಬಾರದೆಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2023ರ ಮಾರ್ಚಿನಲ್ಲಿ ಮಹಾರಾಷ್ಟ್ರದ ಪ್ರಕರಣದಲ್ಲಿ ಹೇಳಿದೆ ಎಂಬುದನ್ನೂ ತಿಳಿಸಿದರು. ಆದರೆ ಜನರಿಗೆ ಮನದಟ್ಟಾದದ್ದು ಕೋರ್ಟಿನ ಮಾತಲ್ಲ. ಕಲಘಟಗಿಯ ಕಡೆಗೆ ಮದುವೆಯಾಗಿ ಹೋದ ಹೆಣ್ಣುಮಗಳೊಬ್ಬಳ ಮಾವನ ಮನೆಯವರು ಧಾರವಾಡ ಜಿಲ್ಲೆಯವರಾದ್ದರಿಂದ 2020ರವರೆಗೆ ಪಟ್ಟಿಯ ಹೊರಗಿದ್ದರು. ಆ ವರ್ಷದ ತಿದ್ದುಪಡಿ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನೂ ಸೇರಿಸಿತು. ಅದೇ ಜನ, ಅದೇ ಹೆಣ್ಣು ಕೊಟ್ಟು ತರುವ ಮನೆಗಳು. ಜಿಲ್ಲೆಯ ಗಡಿ ನಡುವೆ ಬಂದದ್ದರಿಂದ ಒಬ್ಬರು ಒಳಗೆ, ಇನ್ನೊಬ್ಬರು ಹೊರಗೆ. ಪಟ್ಟಿ ರಕ್ತವನ್ನು ನೋಡಿ ಆದದ್ದಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿರಲಿಲ್ಲ. ಹುಡುಗಿಯ ತಾಯಿ ಅಂದೇ ಸಮಾಧಾನಗೊಂಡರು. ಮುಂದೆ ಪರಿಶೀಲನೆಯೂ ತೊಂದರೆಯಿಲ್ಲದೆ ಮುಗಿಯಿತು.

ಶೇಕಡಾವಾರಿನ ಹೋಲಿಕೆಯನ್ನು ಬಿಡಿಸಲು ಕೌದಿ ನೆರವಿಗೆ ಬಂತು. ಸಿದ್ದಿ ಹೆಂಗಸರು ಹಳೆಯ ಬಟ್ಟೆಗಳನ್ನು ಜೋಡಿಸಿ ಹೊಲಿಯುವ ಕೌದಿ ಹೆಸರಾದದ್ದು. ಯುವಕನ ಅಜ್ಜಿಯ ಜಗಲಿಯಲ್ಲಿ ಕೂತಾಗ ಅವರು ಹೊಲಿಯುತ್ತಿದ್ದ ಕೌದಿಯನ್ನೇ ತೋರಿಸಿ ಮಾತಾಡಿದೆ. ತಂದೆ ತಾಯಿಯರಿಂದ ಬಂದ ವರ್ಣತಂತುಗಳು ಪ್ರತಿ ತಲೆಮಾರಿನಲ್ಲಿಯೂ ಒಮ್ಮೆ ಕತ್ತರಿಸಿ ಮರುಜೋಡಣೆಯಾಗುತ್ತವೆ. ಇಡೀ ಸೀರೆಯಷ್ಟು ಉದ್ದವಾಗಿದ್ದ ತುಂಡು ಮೊಮ್ಮಗನ ಕಾಲಕ್ಕೆ ಕುಪ್ಪಸದಷ್ಟು, ಅವನ ಮರಿಮಗನ ಕಾಲಕ್ಕೆ ಕರವಸ್ತ್ರದಷ್ಟು. ತುಂಡುಗಳ ಉದ್ದವನ್ನು ಅಳೆದು, ಎಷ್ಟು ಸಲ ಕತ್ತರಿ ಬಿದ್ದಿದೆ ಎಂದು ವಿಜ್ಞಾನಿಗಳು ಅಂದಾಜು ಮಾಡುತ್ತಾರೆ. ಎಂಟು ತಲೆಮಾರು ಎಂಬ ಲೆಕ್ಕ ಬಂದದ್ದು ಹಾಗೆ. "ನಮ್ಮವರು ಗೋವೆ ಬಿಟ್ಟು ಅದಕ್ಕಿಂತ ಮೊದಲೇ ಬಂದರಲ್ಲ?" ಎಂದು ಅಜ್ಜಿ ಕೇಳಿದರು. ಸರಿಯಾದ ಪ್ರಶ್ನೆ. ಬಂದ ಕಾಲ ಬೇರೆ, ಕೂಡಿದ ಕಾಲ ಬೇರೆ. ಮೇಲಾಗಿ ಕೂಡುವುದು ಒಂದೇ ದಿನ ನಡೆದು ನಿಂತದ್ದಲ್ಲ. ಹಲವು ತಲೆಮಾರು ಸ್ವಲ್ಪ ಸ್ವಲ್ಪವಾಗಿ ನಡೆದಿದ್ದರೆ, ಹೊಸ ಉದ್ದ ತುಂಡುಗಳು ಸೇರಿ ಲೆಕ್ಕವನ್ನು ಈಚೆಗೆ ಎಳೆಯುತ್ತವೆ.

ಒಂದೇ ಮನೆಯ ಅಣ್ಣತಮ್ಮಂದಿರಿಗೂ ತುಂಡುಗಳು ಬೇರೆಬೇರೆ ಬೀಳುವುದರಿಂದ ಒಬ್ಬನಿಗೆ 66 ಬಂದರೆ ಇನ್ನೊಬ್ಬನಿಗೆ 63 ಬರಬಹುದು. ಆ 3% ಐಬೀರಿಯ ಎಂಬುದು ಪೋರ್ಚುಗೀಸ್ ಪೂರ್ವಜನೂ ಆಗಿರಬಹುದು, ಕಂಪನಿಯ ಹೋಲಿಕೆಯ ಪಟ್ಟಿಯಲ್ಲಿ ನಮ್ಮ ಕಡೆಯ ಜನ ಸಾಕಷ್ಟು ಇಲ್ಲದ್ದರಿಂದ ಆದ ತಪ್ಪೆಣಿಕೆಯೂ ಆಗಿರಬಹುದು. ಯಾಕೆಂದರೆ ಕಂಪನಿಯವರು ಸತ್ತ ಪೂರ್ವಜರನ್ನು ಅಳೆಯುವುದಿಲ್ಲ, ಇಂದು ಬದುಕಿರುವ ಜನರ ಪಟ್ಟಿಯೊಡನೆ ಹೋಲಿಸುತ್ತಾರೆ.

ಇಷ್ಟು ಕೇಳಿ ಅಜ್ಜಿ ಸೂಜಿ ನಿಲ್ಲಿಸಿ ಕೊಂಕಣಿಯಲ್ಲಿ ಒಂದು ಮಾತು ಕೇಳಿದರು, ಮೊಮ್ಮಗ ಅದನ್ನು ಕನ್ನಡಿಸಿದ: "ತೋಟದ ಒಡೆಯರ ಎಂಜಲನ್ನು ಯಾರಾದರೂ ಕೊಳವೆಗೆ ಹಾಕಿಸಿ ನೋಡಿದ್ದಾರೆಯೇ?"

ನೋಡಿದ್ದಾರೆ ಎಂದೆ. ಅದು ತಪ್ಪಿಸಿಕೊಳ್ಳುವ ಉತ್ತರವಾಗಿರಲಿಲ್ಲ. 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಭಾರತದ ಬಹುತೇಕ ಸಮುದಾಯಗಳು ಉತ್ತರದ್ದು, ದಕ್ಷಿಣದ್ದು ಎಂಬ ಎರಡು ಪ್ರಾಚೀನ ಜನಸಮೂಹಗಳು ಕೂಡಿ ಆದವು ಎಂದು ತೋರಿಸಿತು. ಅದರಲ್ಲಿ ಉತ್ತರದ ಸಮೂಹದ ಪಾಲು ಜಾತಿಯಿಂದ ಜಾತಿಗೆ 39ರಿಂದ 71%ವರೆಗೆ ಬದಲಾಗುತ್ತದೆ. ಆ ಕೂಡುವಿಕೆ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ನಡೆದು, ಆಮೇಲೆ ಜಾತಿಯೊಳಗೆ ಮದುವೆಯಾಗುವ ಕಟ್ಟು ಬಿಗಿಯಾಯಿತೆಂದು 2013ರ ಇನ್ನೊಂದು ಅಧ್ಯಯನ ಹೇಳಿತು. ಒಡೆಯರ ಕೌದಿಯಲ್ಲಿಯೂ ತುಂಡುಗಳೇ. ಅಲ್ಲಿ ಕತ್ತರಿ ಹೆಚ್ಚು ಸಲ ಬಿದ್ದು ತುಂಡುಗಳು ಸಣ್ಣವಾಗಿವೆ, ಸಿದ್ದಿಗಳದು ಈಚಿನದಾದ್ದರಿಂದ ಹೊಲಿಗೆ ಕಾಣುತ್ತದೆ. ಅಜ್ಜಿ ನಕ್ಕರು. ಹೋಲಿಕೆಯ ಮಾತು ಕೇರಿಯಲ್ಲಿ ತಣ್ಣಗಾದದ್ದು ಈ ಉತ್ತರದಿಂದ ಎಂದು ಆಶಾ ಕಾರ್ಯಕರ್ತೆ ಆಮೇಲೆ ಹೇಳಿದರು.

ತಿರುವು

ಉಳಿದದ್ದು ದೊಡ್ಡಪ್ಪನ ಮೌನ. ಇಲ್ಲಿ ನಾನು ಮಾಡಿದ ತಪ್ಪು ಭಾಷಣದ ತಪ್ಪಿಗಿಂತ ದೊಡ್ಡದು. ಯುವಕ ತನ್ನ ಮನಸ್ಸಿಗೆ ಕೇಡೆನಿಸಿ ಕ್ಷಮೆ ಕೇಳಲು ಹೊರಟಾಗ ನಾನು ಅವನನ್ನು ತಡೆದೆ. ನಿನ್ನ ಎಂಜಲು, ನಿನ್ನ ವರದಿ, ನೀನು ಯಾರಿಗೂ ಉತ್ತರ ಕೊಡಬೇಕಿಲ್ಲ ಎಂದೆ. ನಗರದ ಓದಿನಿಂದ ಬಂದ ಮಾತು ಅದು. ವೈ ವರ್ಣತಂತು ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಹಾಗೆಯೇ ದಾಟುತ್ತದೆ. ತಮ್ಮನ ಮಗನ ವೈ ಎಂದರೆ ಅಣ್ಣನ ವೈ. ಯುವಕ ಕೊಳವೆಯಲ್ಲಿ ಉಗುಳಿದ್ದು ದೊಡ್ಡಪ್ಪನ ಪರವಾಗಿಯೂ ಆಗಿತ್ತು, ಅವರನ್ನು ಕೇಳದೆ. ಆನುವಂಶಿಕತೆಯನ್ನು ಜೀವಮಾನವಿಡೀ ಕಲಿಸಿದವನಿಗೆ ಈ ಸರಳ ಸಂಗತಿ ಹೊಳೆಯಲು ಒಂದು ಮಳೆಗಾಲ ಹಿಡಿಯಿತು. ಹೊಳೆದ ದಿನ ಯುವಕನಿಗೆ ಫೋನ್ ಮಾಡಿ, ನಾನು ಹೇಳಿದ್ದು ತಪ್ಪು, ಹೋಗಿ ಕೇಳಿಕೋ ಎಂದೆ.

ಅವನು ಹೋದ. ದೊಡ್ಡಪ್ಪ ಮಾತಾಡಲಿಲ್ಲ. ಮಾತಾಡಿದವರು ಅಜ್ಜಿ, ಅಂದರೆ ದೊಡ್ಡಪ್ಪನ ತಾಯಿ. ತನ್ನ ಗಂಡನ ಅಜ್ಜ ಹುಟ್ಟಿದ್ದು ಅಡಿಕೆ ತೋಟದ ಮನೆಯೊಂದರ ಕೊಟ್ಟಿಗೆಯಲ್ಲಿ, ಅವನ ತಾಯಿ ಅಲ್ಲಿ ಜೀತಕ್ಕಿದ್ದವಳು, ತಂದೆ ಯಾರೆಂದು ಎಲ್ಲರಿಗೂ ಗೊತ್ತಿದ್ದರೂ ಯಾರೂ ಹೆಸರು ಹೇಳುತ್ತಿರಲಿಲ್ಲ, ಅವಳನ್ನು ಮಗುವಿನ ಸಮೇತ ಕರೆತಂದು ಬಾಳಿಸಿದವನು ಕೇರಿಯ ಒಬ್ಬ ಸಿದ್ದಿ ಗಂಡಸು. ಈ ಕತೆ ತನಗೆ ಅತ್ತೆಯಿಂದ ಬಂತು, ಅತ್ತೆಗೆ ಅವಳ ಅತ್ತೆಯಿಂದ ಎಂದರು. ಹೆಂಗಸರಲ್ಲಿ ನಾಲ್ಕು ತಲೆಮಾರು ಸಾಗಿಬಂದ ಮಾತು ಗಂಡಸರ ಕಿವಿಗೆ ಬಿದ್ದದ್ದು ಆ ದಿನವೇ. ಪ್ರಯೋಗಾಲಯ ಹೊಸದೇನನ್ನೂ ಕಂಡುಹಿಡಿದಿರಲಿಲ್ಲ; ಅಡುಗೆಮನೆಯಲ್ಲಿ ಇದ್ದದ್ದನ್ನು ಜಗಲಿಗೆ ತಂದಿತ್ತು.

ಯುವಕ ಇದನ್ನು ನನಗೆ ಹೇಳಿದ ರಾತ್ರಿ ನಾನು ಲೆಕ್ಕ ಹಾಕಿದೆ. ಆ ಹೆಸರಿಲ್ಲದ ತೋಟದ ಗಂಡಸು ಯುವಕನಿಂದ ಐದು ತಲೆಮಾರು ಹಿಂದಿನವನು. ಐದನೆಯ ತಲೆಮಾರಿನಲ್ಲಿ ಪ್ರತಿಯೊಬ್ಬರಿಗೂ 32 ಪೂರ್ವಜರು. ಅವರಲ್ಲಿ ಒಬ್ಬನ ಪಾಲು ಸರಾಸರಿ 3.1%. ವರದಿಯ ಭಾರತೀಯ ಪಾಲು 31%. ಅಂದರೆ ವೈ ವರ್ಣತಂತು ಎತ್ತಿ ತೋರಿಸಿದ ಆ ಒಬ್ಬನಿಂದ ಬಂದದ್ದು ಅದರ ಹತ್ತನೆಯ ಒಂದು ಪಾಲಿನಷ್ಟು ಇರಬಹುದು. ಉಳಿದದ್ದು ಬೇರೆ ಎಷ್ಟೋ ಜನರಿಂದ, ಎಷ್ಟೋ ಬಗೆಯ ಸಂಬಂಧಗಳಿಂದ ಬಂದಿರಬೇಕು. ಕೆಲವು ಬಲಾತ್ಕಾರದವು, ಕೆಲವು ಒಪ್ಪಿ ಕೂಡಿ ಬಾಳಿದವು, ಯಾವುದು ಯಾವುದೆಂದು ಯಾವ ಡಿಎನ್‌ಎಯೂ ಹೇಳದು. ವೈ ವರ್ಣತಂತು 32 ಜನರಲ್ಲಿ ಒಬ್ಬನ ಹೆಸರನ್ನಷ್ಟೇ ಕೂಗುತ್ತದೆ, ಎಂಟನೆಯ ತಲೆಮಾರಿಗೆ ಹೋದರೆ 256 ಜನರಲ್ಲಿ ಒಬ್ಬನದು. ಗಟ್ಟಿಯಾಗಿ ಕೂಗುವುದರಿಂದ ಅದೇ ವಂಶದ ಸತ್ಯವೆಂದು ಭ್ರಮೆಯಾಗುತ್ತದೆ.

ಈ ಲೆಕ್ಕವನ್ನು ದೊಡ್ಡಪ್ಪನಿಗೆ ಹೇಳಬೇಕೆಂದು ಹೋದೆ. ಅವರು ಕೇಳಿಸಿಕೊಂಡು, ಲೆಕ್ಕ ನಿಮ್ಮದು, ಮೇಷ್ಟ್ರೇ, ಹಿರಿಯರು ನಮ್ಮವರು ಎಂದರು. ಪೂಜೆಯಲ್ಲಿ ಹೆಸರು ಹೇಳುವುದು ತೋಟದವನದಲ್ಲ, ಆ ಹೆಂಗಸನ್ನು ಕರೆತಂದು ಬಾಳಿಸಿದವನದು, ಅದು ಬದಲಾಗುವುದಿಲ್ಲ ಎಂದರು. ಕೊಟ್ಟಿಗೆಯಲ್ಲಿ ಹೆತ್ತ ಹೆಂಗಸಿನ ಹೆಸರನ್ನು ತಾಯಿಯಿಂದ ಕೇಳಿ ತಿಳಿದು ಆ ವರ್ಷ ಪೂಜೆಯಲ್ಲಿ ಸೇರಿಸಿದರೆಂದು ಯುವಕನಿಂದ ತಿಳಿಯಿತು. ಯುವಕನೊಡನೆ ಮಾತು ಮತ್ತೆ ಆರಂಭವಾಯಿತು, ಮೊದಲಿನಷ್ಟು ಸಲಿಗೆಯಿಂದ ಅಲ್ಲ.

ಮುಂದೆ ನಡೆದದ್ದು

ಮರುವರ್ಷ ಹೊರಗಿನ ಸಂಶೋಧನಾ ವಿದ್ಯಾರ್ಥಿಯೊಬ್ಬರು ಸಿದ್ದಿಗಳ ಡಿಎನ್‌ಎ ಮಾದರಿಗಳಿಗಾಗಿ ಕೇರಿಗೆ ಬಂದರು. ಹಳೆಯ ದಿನಗಳಾಗಿದ್ದರೆ ಮುಖಂಡರೊಬ್ಬರ ಒಪ್ಪಿಗೆ ಪಡೆದು ಸಂಜೆಯೊಳಗೆ ಕೆಲಸ ಮುಗಿಯುತ್ತಿತ್ತು. ಈ ಸಲ ಜನರೇ ಕೂತು ಚರ್ಚಿಸಿದರು, ನನ್ನನ್ನೂ ಕರೆದರು. ನಾನು ಚಾರ್ಟು ತರಲಿಲ್ಲ. ಅಮೆರಿಕದ ಗ್ರಾಂಡ್ ಕ್ಯಾನ್ಯನ್ ಕಣಿವೆಯ ಹವಾಸುಪಾಯಿ ಎಂಬ ಬುಡಕಟ್ಟಿನ ಕತೆಯೊಂದನ್ನು ಮಾತ್ರ ಹೇಳಿದೆ. ಅಲ್ಲಿನ ಜನ 1990ರ ಸುಮಾರಿಗೆ ತಮ್ಮಲ್ಲಿ ಹೆಚ್ಚುತ್ತಿದ್ದ ಸಕ್ಕರೆ ಕಾಯಿಲೆಯ ಕಾರಣ ತಿಳಿಯಲೆಂದು ಅರಿಜೋನ ರಾಜ್ಯದ ವಿಶ್ವವಿದ್ಯಾಲಯವೊಂದಕ್ಕೆ ರಕ್ತ ಕೊಟ್ಟರು. ಅದೇ ರಕ್ತವನ್ನು ಮಾನಸಿಕ ಕಾಯಿಲೆ, ಒಳಸಂಬಂಧದ ಮದುವೆಗಳು, ಅವರ ಪೂರ್ವಜರು ಎಲ್ಲಿಂದ ವಲಸೆ ಬಂದರು ಎಂಬ ಅಧ್ಯಯನಗಳಿಗೂ ಬಳಸಿದ್ದು ಅವರಿಗೆ ಗೊತ್ತಾದದ್ದು 2003ರಲ್ಲಿ. ತಾವು ಆ ಕಣಿವೆಯಲ್ಲಿಯೇ ಹುಟ್ಟಿದವರೆಂದು ನಂಬಿದ್ದ ಜನ ಅವರು. ವ್ಯಾಜ್ಯ ನಡೆದು 2010ರಲ್ಲಿ ರಾಜಿಯಾಗಿ, ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟಿತು, ಉಳಿದಿದ್ದ ರಕ್ತವನ್ನೂ ಹಿಂದಿರುಗಿಸಿತು. ರಕ್ತವನ್ನು ವಾಪಸು ತಂದರು ಎಂಬಲ್ಲಿ ಸಭೆ ಸದ್ದಿಲ್ಲದಾಯಿತು.

ಕೇರಿಯವರು ಹಾಕಿದ ಷರತ್ತುಗಳು ಇವು: ರಕ್ತ ಯಾವುದಕ್ಕೆ ಬೇಕೋ ಅದಕ್ಕೆ ಮಾತ್ರ, ತಂದೆಯ ಗೆರೆಯ ಫಲಿತಾಂಶವನ್ನು ಮನೆಮನೆಯ ಲೆಕ್ಕದಲ್ಲಿ ಬರೆಯಕೂಡದು, ಉಳಿದ ಮಾದರಿಯನ್ನು ಇನ್ನೊಬ್ಬರಿಗೆ ದಾಟಿಸಕೂಡದು, ಫಲಿತಾಂಶವನ್ನು ಕೇರಿಗೆ ಬಂದು ಕೊಂಕಣಿಯಲ್ಲಿ ಹೇಳಬೇಕು, ಮತ್ತು ಕೇಳಲು ಇಷ್ಟವಿಲ್ಲದವರಿಗೆ ಹೇಳಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳು ಸಮುದಾಯದ ಮುಖಂಡರ ಅನುಮತಿ ವ್ಯಕ್ತಿಯ ಒಪ್ಪಿಗೆಗೆ ಬದಲಾಗದು ಎನ್ನುತ್ತವೆ. ಅದಕ್ಕೆ ತಿರುವುಮುರುವಾದದ್ದನ್ನು, ವಂಶದ ವಿಷಯದಲ್ಲಿ ಒಬ್ಬ ವ್ಯಕ್ತಿಯ ಒಪ್ಪಿಗೆಯೂ ಮನೆಯವರ ಒಪ್ಪಿಗೆಗೆ ಬದಲಾಗದು ಎಂಬುದನ್ನು, ಈ ಜನ ತಾವಾಗಿಯೇ ಸೇರಿಸಿದ್ದರು. ವಿದ್ಯಾರ್ಥಿ ಒಪ್ಪಿ ಬರೆದುಕೊಟ್ಟರು. ಕೇರಿಯ ವಯಸ್ಕರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಮಾದರಿ ಕೊಟ್ಟರು. ದೊಡ್ಡಪ್ಪ ಕೊಡಲಿಲ್ಲ, ಅಜ್ಜಿ ಕೊಟ್ಟರು.

ಸಿಕಲ್ ಸೆಲ್ ತಪಾಸಣೆಯನ್ನು ಆಶಾ ಕಾರ್ಯಕರ್ತೆ ಮತ್ತೊಮ್ಮೆ ಏರ್ಪಡಿಸಿದರು. ಶಿಬಿರಕ್ಕೆ ಜನರನ್ನು ಕರೆಯದೆ, ಮನೆಮನೆಗೆ ಹೋಗಿ ಬೆರಳು ಚುಚ್ಚಿ, ಪರೀಕ್ಷೆಯ ಸ್ಟ್ರಿಪ್ಪನ್ನು ಅವರ ಕಣ್ಣೆದುರೇ ನೋಡಿ ಹೇಳಿ, ಬಳಸಿದ ಹತ್ತಿಯನ್ನೂ ಸ್ಟ್ರಿಪ್ಪನ್ನೂ ಅಲ್ಲಿಯೇ ಚೀಲಕ್ಕೆ ಹಾಕಿ ತೋರಿಸಿದರು. ಹೆಚ್ಚಿನ ಮನೆಗಳು ಒಪ್ಪಿದವು. ನನ್ನ ಚಾರ್ಟಿನ ಪಕ್ಕದಲ್ಲಿ ಅವರ ಈ ಚೀಲವನ್ನಿಟ್ಟು ನೋಡಿದಾಗ ನನಗೆ ನಾಚಿಕೆಯಾಗುತ್ತದೆ.

ನಿರ್ಧಾರಗಳನ್ನು ತಿರುಗಿ ನೋಡಿದಾಗ

ಇಂಥ ಸಂದರ್ಭ ಎದುರಾಗುವ ಶಿಕ್ಷಕರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮೂರು ನಿರ್ಧಾರಗಳನ್ನು ಎತ್ತಿ ತೋರಿಸುತ್ತೇನೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ವಿಜ್ಞಾನ ಹೇಳಿದ್ದು ತಪ್ಪು ನಿರ್ಧಾರ. ಕಾನೂನಿನ ಪ್ರಶ್ನೆಗೆ, ಮಾನದ ಪ್ರಶ್ನೆಗೆ, ನಂಬಿಕೆಯ ಪ್ರಶ್ನೆಗೆ ನಾನು ಒಂದೇ ಜೀವಶಾಸ್ತ್ರದ ಉತ್ತರವನ್ನು ಹಂಚಿದೆ. ವರದಿ ಒಬ್ಬನ ಸ್ವಂತ ಸೊತ್ತು ಎಂದುಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪು. ಸರಿಯಾದದ್ದು ಒಂದೇ, ಅದೂ ನನ್ನದಲ್ಲ: ಅಜ್ಜಿ ತಾವಾಗಿ ಬಾಯಿ ತೆರೆಯುವವರೆಗೆ ಯಾರೂ ಅವರನ್ನು ಒತ್ತಾಯಿಸಿ ಕೇಳಲಿಲ್ಲ. ಆಗ ಕೇಳಿದ್ದರೆ ಅವರು ಹೇಳುತ್ತಿರಲಿಲ್ಲವೆಂದೇ ನನ್ನ ಎಣಿಕೆ.

ಪರೀಕ್ಷೆಯೇ ಬೇಡವಾಗಿತ್ತು ಎನ್ನುವವರೊಡನೆ ನಾನು ಒಪ್ಪುವುದಿಲ್ಲ. ಬೆಂಗಳೂರಿನ ಬೀದಿಯಲ್ಲಿ ದಿನಕ್ಕೆ ನಾಲ್ಕು ಸಲ ಯಾವ ದೇಶ ಎಂದು ಕೇಳಿಸಿಕೊಳ್ಳುವವನ ಕುತೂಹಲವನ್ನು ಕೇಳಿಸಿಕೊಳ್ಳದವರು ತೂಗಬಾರದು.

ಯುವಕ ಆ ವರದಿಯನ್ನು ಗುಂಪಿನಿಂದ ಅಳಿಸಿದ್ದಾನೆ, ಕಂಪನಿಯ ಖಾತೆಯನ್ನು ಅಳಿಸಿಲ್ಲ. ಕಳೆದ ಚಳಿಗಾಲದಲ್ಲಿ ಅದರೊಳಗೆ ಒಂದು ಸಂದೇಶ ಬಂತು. ದೂರದ ದೇಶವೊಂದರಲ್ಲಿರುವ, ತನ್ನ ಹಿರಿಯರು ಮೊಜಾಂಬಿಕಿನವರೆಂದು ಹೇಳಿಕೊಂಡಿರುವ ಒಬ್ಬ ಹೆಂಗಸು, ನಮ್ಮಿಬ್ಬರ ಡಿಎನ್‌ಎಯಲ್ಲಿ ಒಂದು ಸಣ್ಣ ತುಂಡು ಒಂದೇ ಆಗಿದೆ, ನಿಮ್ಮ ಮನೆಯವರ ಬಗ್ಗೆ ತಿಳಿಸುವಿರಾ ಎಂದು ಬರೆದಿದ್ದಾರೆ. ಅವನು ಅದನ್ನು ನನಗೆ ತೋರಿಸಿ, ಉತ್ತರ ಬರೆಯುವ ಮೊದಲು ದೊಡ್ಡಪ್ಪನನ್ನು ಕೇಳಬೇಕು, ಅಡಿಕೆ ಕೊಯ್ಲು ಮುಗಿಯಲಿ ಎಂದ. ಕೊಯ್ಲು ಮುಗಿದಿದೆ. ದೊಡ್ಡಪ್ಪ ಇನ್ನೂ ಯೋಚಿಸುತ್ತಿದ್ದಾರೆ.